ಕಚಗುಳಿ, ಕುಹಕ, ಕೌತ್ಕುಚ್ಯ

ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸದ ವಿಭಾವಗಳನ್ನು, ಎಂದರೆ ನಗೆಯನ್ನು ಹುಟ್ಟಿಸುವ ಕಾರಣಗಳನ್ನು, ಒಂದೆಡೆ ಹೇಳಿದೆ. ವಿಕಾರವಾದ ವೇಷ, ಸಲ್ಲದ ಕಡೆ ತೊಟ್ಟ ಒಡವೆ, ಧಾರ್ಷ್ಟ್ಯ, ಚಾಪಲ್ಯ, ಅಸಂಬದ್ಧ ಪ್ರಲಾಪ, ಅಂಗವೈಕಲ್ಯದ ದರ್ಶನ, ದೋಷಗಳನ್ನು ಎತ್ತಿ ಆಡುವುದು ಮುಂತಾದವು ಅಲ್ಲಿವೆ. ಈ ಸಾಲಿನ ನಡುವೆ ‘ಕುಹಕ’ ಎಂಬ ಮಾತೊಂದು ಬರುತ್ತದೆ. ಕನ್ನಡ ಓದುಗನಿಗೆ ಅದು ಪರಿಚಿತ ಪದ. ಆದ್ದರಿಂದಲೇ ಅವನು ಅಲ್ಲಿ ನಿಲ್ಲುವುದಿಲ್ಲ. ಕುಹಕವೆಂದರೆ ವಂಚನೆ, ಕೊಂಕು, ಒಳಗೊಂದು ಹೊರಗೊಂದು. ಹರಿಕಥೆಯ ದಾಸರು ಶಕುನಿಗೂ ಮಂಥರೆಗೂ ಅಂಟಿಸುವ ವಿಶೇಷಣ ಅದು. ಅಂಥವರ ನಗೆಯೇ ಕುಹಕದ ನಗೆ. ಹಾಸ್ಯದ ಪಟ್ಟಿಯಲ್ಲಿ ಕುಹಕವಿದ್ದರೆ ಅದು ಕೊಂಕುನುಡಿಯೇ ಇರಬೇಕೆಂದು ಊಹಿಸಿ ನಾವು ಮುಂದಿನ ಪದಕ್ಕೆ ಹೋಗುತ್ತೇವೆ.

ಕಾಶ್ಮೀರದ ಅಭಿನವಗುಪ್ತ ಹಾಗೆ ಹೋಗಲಿಲ್ಲ. ಹತ್ತನೆಯ ಶತಮಾನದ ಕೊನೆ ಮತ್ತು ಹನ್ನೊಂದರ ಆರಂಭದಲ್ಲಿ ಬಾಳಿದ ಈ ಆಚಾರ್ಯ ತನ್ನ ಅಭಿನವಭಾರತಿಯಲ್ಲಿ ಕುಹಕಕ್ಕೆ ಕೊಡುವ ವಿವರಣೆ ನಮ್ಮ ನಿರೀಕ್ಷೆಗೆ ಪೂರ್ತಿ ಹೊರಗಿನದು. ಮಕ್ಕಳ ಕಂಕುಳು, ಕತ್ತು ಮೊದಲಾದೆಡೆಗಳಲ್ಲಿ ಮುಟ್ಟುವುದೇ ಕುಹಕ ಎಂದು ಅವನ ಅಭಿಪ್ರಾಯ. ಅಂದರೆ ನಾವು ಕಚಗುಳಿ ಎನ್ನುವುದು. ರಸಧ್ವನಿಗಳ ಗಹನ ಚರ್ಚೆಯ ನಡುವೆ, ಪರಮಶೈವ ದಾರ್ಶನಿಕನೊಬ್ಬನ ಲೇಖನಿಯಿಂದ ಮಗುವಿನ ಕಂಕುಳು ಇಣುಕುವ ಈ ಕ್ಷಣ ನನಗೆ ಬಹಳ ಪ್ರಿಯವಾದುದು. ಆದರೆ ಪ್ರಿಯವಾಗಿರುವುದಷ್ಟೇ ಅದರ ಮಹತ್ತ್ವವಲ್ಲ. ಒಂದೇ ಪದ ಒಂದು ಕಡೆ ಮಕ್ಕಳಾಟವನ್ನೂ ಇನ್ನೊಂದು ಕಡೆ ವಂಚನೆಯನ್ನೂ ಹೇಳುತ್ತಿರುವುದು ಹೇಗೆ ಎಂಬ ಪ್ರಶ್ನೆ ಇಲ್ಲಿದೆ.

ಸಂಸ್ಕೃತದಲ್ಲಿ ಕುಹಕನೆಂದರೆ ಮೊದಲಿಗೆ ಮೋಸಗಾರ, ಗಾರುಡಿಗ, ಇಂದ್ರಜಾಲಿಕ. ಇಲ್ಲದ್ದನ್ನು ಇದೆಯೆಂದು ತೋರಿಸುವವನು. ಕಚಗುಳಿಯಿಡುವವನೂ ಅದನ್ನೇ ಮಾಡುತ್ತಾನೆ. ಅವನ ಬೆರಳುಗಳು ಆಕ್ರಮಣದ ನಟನೆಯನ್ನು ಹೂಡುತ್ತವೆ. ಪಕ್ಕೆ, ಕತ್ತು, ಕಂಕುಳು, ಹೊಟ್ಟೆ, ಅಂಗಾಲು, ಇವು ದೇಹದ ಅರಕ್ಷಿತ ತಾಣಗಳು. ಅಲ್ಲಿಗೆ ಕೈ ನುಗ್ಗುತ್ತದೆ, ಆದರೆ ಇರಿಯುವುದಿಲ್ಲ. ದೇಹ ಮಾತ್ರ ಇರಿತಕ್ಕೆ ಸಿದ್ಧವಾದಂತೆ ಮುದುಡಿ ರಕ್ಷಿಸಿಕೊಳ್ಳುತ್ತದೆ. ಸುಳ್ಳು ಭಯಕ್ಕೆ ನಿಜವಾದ ಉತ್ತರ ಹೊರಡುವ ಈ ವ್ಯಾಪಾರವನ್ನು ಕುಹಕವೆಂದು ಕರೆದದ್ದು ಸರಿಯಾಗಿಯೇ ಇದೆ. ಕನ್ನಡವು ಈ ಪದವನ್ನು ತೆಗೆದುಕೊಳ್ಳುವಾಗ ಕಂಕುಳನ್ನು ಬಿಟ್ಟು ಕೊಂಕನ್ನು ಮಾತ್ರ ಇಟ್ಟುಕೊಂಡಿತು.

ಕಂಕುಳಿನ ಕೆಲಸಕ್ಕೆ ನಮ್ಮಲ್ಲಿ ಬೇರೆಯೇ ಒಂದು ಚೆಲುವಾದ ಮಾತಿತ್ತು. ಕಚಗುಳಿ, ಕೆಲವೆಡೆ ಕಚಕುಳಿ. ಈ ಎರಡು ರೂಪಗಳು ಜೊತೆಯಲ್ಲಿ ಬಳಕೆಯಲ್ಲಿರುವುದು ವ್ಯಾಕರಣ ಕಲಿಸುವವರಿಗೆ ಒಂದು ಸುಳಿವು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಉತ್ತರಪದದ ಮೊದಲ ಕಕಾರ ಗಕಾರವಾಗುತ್ತದೆ. ಕಚಕುಳಿ ಕಚಗುಳಿಯಾಗುವಲ್ಲಿಯೂ ಅದೇ ಆದೇಶ ನಡೆದಿರುವಂತೆ ಕಾಣುತ್ತದೆ. ಹಾಗಿದ್ದರೆ ನುಡಿಯುವವರ ಕಿವಿಗೆ ಇದು ಎರಡು ತುಂಡುಗಳ ಪದವೆಂದೇ ಕೇಳಿಸಿರಬೇಕು. ಆ ತುಂಡುಗಳು ಯಾವುವು? ಕುಳಿ ಎಂದರೆ ತಗ್ಗು. ಕಂಕುಳಿಗಿಂತ ಒಳ್ಳೆಯ ತಗ್ಗು ದೇಹದಲ್ಲಿ ಬೇರೆ ಯಾವುದಿದೆ? ಲಂಚಗುಳಿ, ಮರೆಗುಳಿಗಳಲ್ಲಿರುವ ‘ಗುಳಿ’ ಎಂಬ ತದ್ಧಿತ ಪ್ರತ್ಯಯವನ್ನೂ ನೆನೆಯಬಹುದು. ಮೊದಲ ತುಂಡಿಗೆ ಸಂಸ್ಕೃತದ ‘ಕಚ’ ಅಂದರೆ ಕೂದಲು ಎನ್ನುವವರುಂಟು, ತುರಿಕೆಯೆಂಬ ಅರ್ಥದ ‘ಕಚ್ಛೂ’ ಎನ್ನುವವರುಂಟು. ಇವೆಲ್ಲವೂ ಆಕರ್ಷಕ. ಧ್ವನಿಸಾಮ್ಯವನ್ನು ನೆಚ್ಚಿ ವ್ಯುತ್ಪತ್ತಿ ಕಟ್ಟುವುದು ನಮ್ಮ ಪಂಡಿತವರ್ಗದ ಹಳೆಯ ಚಪಲವಾದ್ದರಿಂದ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಹೆಚ್ಚು ಸಂಭವನೀಯವಾದ ದಾರಿ ಇನ್ನೊಂದಿದೆ. ನೆರೆಹೊರೆಯ ನುಡಿಗಳನ್ನು ಸಾಲಾಗಿ ಇಟ್ಟು ನೋಡೋಣ. ತೆಲುಗಿನಲ್ಲಿ ಕಿತಕಿತಲು, ಚಕ್ಕಿಲಿಗಿಂತ; ತಮಿಳಿನಲ್ಲಿ ಕಿಚ್ಚುಕಿಚ್ಚು; ಮಲಯಾಳದಲ್ಲಿ ಇಕ್ಕಿಳಿ; ಮರಾಠಿಯಲ್ಲಿ ಗುದಗುಲ್ಯಾ; ಹಿಂದಿಯಲ್ಲಿ ಗುದಗುದಿ; ಬಂಗಾಳಿಯಲ್ಲಿ ಕಾತುಕುತು. ಲ್ಯಾಟಿನ್ನಿನ ತಿತಿಲ್ಲಾರೆ, ಗ್ರೀಕಿನ ಗಾರ್ಗಲಿಜೀನ್, ಜರ್ಮನ್ನಿನ ಕಿಟ್ಸೆಲ್ನ್, ಇಂಗ್ಲಿಷಿನ ಟಿಕಲ್. ಕುಲ ಬೇರೆ, ದೇಶ ಬೇರೆ, ಆದರೆ ಎಲ್ಲೆಡೆಯೂ ಕ, ಚ, ತ, ಗ ಎಂಬ ಸ್ಪರ್ಶವ್ಯಂಜನಗಳು ಚಿಕ್ಕ ಸ್ವರಗಳೊಡನೆ ಬೇಗಬೇಗ ಬಡಿಯುತ್ತವೆ. ಬೆರಳುಗಳು ಚರ್ಮದ ಮೇಲೆ ಮಾಡುವುದನ್ನು ನಾಲಿಗೆ ಅಂಗುಳಿನ ಮೇಲೆ ಮಾಡುತ್ತಿದೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅನುಕರಣ ಶಬ್ದಗಳನ್ನು ಅವ್ಯಯಗಳ ಜೊತೆಗೆ ಪರಿಗಣಿಸಿದ್ದಾನೆ. ಅವು ಸಾಮಾನ್ಯವಾಗಿ ಕೇಳಿದ ಸದ್ದನ್ನು ಅನುಕರಿಸುತ್ತವೆ. ಕಚಗುಳಿಗೆ ಸದ್ದಿಲ್ಲ, ಇಲ್ಲಿ ಶಬ್ದವು ಅನುಕರಿಸುತ್ತಿರುವುದು ಸ್ಪರ್ಶವನ್ನು. ನಮ್ಮ ವ್ಯಾಕರಣಗಳು ಈ ಬಗೆಯ ಅನುಕರಣಕ್ಕೆ ಬೇರೆಯೇ ಒಂದು ಹೆಸರನ್ನು ಕೊಡಬಹುದಿತ್ತು.

ಈ ಪದಗಳ ಅರ್ಥವಿಸ್ತಾರವೂ ಸ್ವಾರಸ್ಯಕರ. ತಮಿಳಿನ ‘ಕೂಚ್ಚಂ’ ಎಂಬ ಮಾತು ಕಚಗುಳಿಗೆ ದೇಹ ಮುದುಡುವುದನ್ನೂ ಹೇಳುತ್ತದೆ, ನಾಚಿಕೆಯನ್ನೂ ಹೇಳುತ್ತದೆ. ನಮ್ಮ ‘ಸಂಕೋಚ’ವೂ ಮೂಲದಲ್ಲಿ ಕುಗ್ಗುವಿಕೆಯೇ ತಾನೆ! ಮಲಯಾಳದಲ್ಲಿ ಇಕ್ಕಿಳಿ ಸಾಹಿತ್ಯವೆಂದರೆ ಕಾಮವನ್ನು ಕೆರಳಿಸುವ ಅಗ್ಗದ ಬರಹ; ಲ್ಯಾಟಿನ್ ಮೂಲದಿಂದ ಇಂಗ್ಲಿಷಿಗೆ ಬಂದ ಪದಕ್ಕೂ ಇದೇ ಗತಿಯಾಯಿತು. ಕನ್ನಡದ ಕಚಗುಳಿಗೆ ಮಾತ್ರ ಇಂಥ ಕಳಂಕ ತಟ್ಟಲಿಲ್ಲ. ನಮ್ಮಲ್ಲಿ ಅದು ಹೋದದ್ದು ನಗೆಬರಹದ ಕಡೆಗೆ. 1942ರಲ್ಲಿ ರಾಶಿಯವರ ‘ಕೊರವಂಜಿ’ ಹೊರಟ ಮೇಲೆ ಕನ್ನಡದಲ್ಲಿ ವಿನೋದ ಸಾಹಿತ್ಯಕ್ಕೆ ಒಂದು ಪರಂಪರೆಯೇ ಬೆಳೆಯಿತು. ಇಂದು ಆ ಬಗೆಯ ಪುಸ್ತಕಗಳ ಬೆನ್ನುಡಿಗಳಲ್ಲಿ ಮನಸ್ಸಿಗೆ ಕಚಗುಳಿಯಿಡುವ ಎಂಬ ವಿಶೇಷಣ ಇಲ್ಲದ್ದನ್ನು ಹುಡುಕಬೇಕು. ಅದರ ಜೋಡಿಯಾಗಿ ‘ನವಿರು ಹಾಸ್ಯ’ವೂ ಇರುತ್ತದೆ. ಬರೆಯುವವರಿಗೆ ತಿಳಿದಿರಲಿ ಬಿಡಲಿ, ಇದು ಒಳ್ಳೆಯ ಜೋಡಿ. ಹಳಗನ್ನಡದಲ್ಲಿ ನವಿರ್ ಎಂದರೆ ಕೂದಲು, ನವಿರೇಳ್ ಎಂದರೆ ರೋಮಾಂಚಗೊಳ್ಳು. ನವಿರಾದ ಹಾಸ್ಯವು ಮೂಲತಃ ರೋಮವನ್ನು ತಾಕುವ ಹಾಸ್ಯ.

ಇಲ್ಲಿ ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ರೋಮವನ್ನಷ್ಟೇ ತಾಕುವುದು ಬೇರೆ, ಪಕ್ಕೆಗೆ ಬೆರಳಿಡುವುದು ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಅಲಿನ್ 1897ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧದಲ್ಲಿ ಈ ಎರಡಕ್ಕೂ ಗ್ರೀಕ್ ಮೂಲದಿಂದ ಎರಡು ಹೆಸರುಗಳನ್ನು ಮಾಡಿಕೊಂಡರು. ಇರುವೆ ಹರಿದಂತೆ, ಗರಿ ಸವರಿದಂತೆ ಆಗುವ ಲಘು ಸಂವೇದನೆ ‘ನಿಸ್ಮೆಸಿಸ್’. ಪಕ್ಕೆ ಕಂಕುಳುಗಳನ್ನು ಒತ್ತಿದಾಗ ನಗೆಯಾಗಿ ಒಡೆಯುವುದು ‘ಗಾರ್ಗಲೆಸಿಸ್’. ಮೊದಲನೆಯದರಲ್ಲಿ ನಗೆಯಿಲ್ಲ, ತುರಿಸಿಕೊಳ್ಳಬೇಕೆಂಬ ಬಯಕೆ ಮಾತ್ರ ಇದೆ. ಅದನ್ನು ನಮಗೆ ನಾವೇ ಮಾಡಿಕೊಳ್ಳಲೂಬಹುದು. ನಮ್ಮ ಆಡುಮಾತು ಅದಕ್ಕೆ ನವೆ, ತುರಿಕೆ, ಜುಮ್ಮೆನ್ನುವುದು, ಹರಿದಂತಾಗುವುದು ಎಂದು ಹಲವು ಮಾತುಗಳನ್ನು ಇಟ್ಟುಕೊಂಡಿದೆ. ಎರಡನೆಯದಕ್ಕೆ ಕಚಗುಳಿ ಒಂದೇ.

ಮೊದಲನೆಯ ಬಗೆಯನ್ನು ಭಾರತೀಯ ಕಾವ್ಯಮೀಮಾಂಸೆ ಬಹು ಆದರದಿಂದ ನೋಡಿತು. ಸ್ತಂಭ, ಸ್ವೇದ, ರೋಮಾಂಚ ಎಂದು ಆರಂಭವಾಗುವ ಎಂಟು ಸಾತ್ತ್ವಿಕ ಭಾವಗಳಲ್ಲಿ ಅದಕ್ಕೊಂದು ಸ್ಥಾನವಿದೆ. ಹದಿನಾರನೆಯ ಶತಮಾನದ ಜೈನಕವಿ ಸಾಳ್ವ ರಸವಿಚಾರಕ್ಕಾಗಿಯೇ ‘ರಸರತ್ನಾಕರ’ವನ್ನು ಕನ್ನಡದಲ್ಲಿ ರಚಿಸಿದ್ದನ್ನು ಇಲ್ಲಿ ನೆನೆಯಬಹುದು. ಹರ್ಷವೆಂಬ ಪದದ ಧಾತುವಿಗೂ ರೋಮಗಳು ನಿಮಿರುವುದೇ ಅರ್ಥ. ಆದರೆ ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನ ರೋಮಗಳು ನಿಮಿರುವುದು ಸಂತೋಷದಿಂದಲ್ಲ, ವಿಷಾದದಿಂದ. ಭಯಕ್ಕೂ ಆನಂದಕ್ಕೂ ಚರ್ಮ ಒಂದೇ ಉತ್ತರ ಕೊಡುತ್ತದೆ. ಯಾವುದಕ್ಕೆ ಕೊಟ್ಟಿತೆಂದು ತಿಳಿಯಲು ಮನಸ್ಸನ್ನು ಕೇಳಬೇಕು. ಎರಡನೆಯ ಬಗೆಗೆ ಬಂದಾಗ ಈ ವಿವೇಕ ಇನ್ನೂ ಹೆಚ್ಚು ಅಗತ್ಯ. ಏಕೆಂದರೆ ಅಲ್ಲಿ ಹೊರಡುವ ಉತ್ತರ ನಗೆ, ಮತ್ತು ನಗೆಯನ್ನು ಕಂಡ ಕೂಡಲೇ ನಾವು ಮನಸ್ಸನ್ನು ಕೇಳುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಅರಿಸ್ಟಾಟಲ್ ಪ್ರಾಣಿಗಳ ಅಂಗಗಳನ್ನು ಕುರಿತ ಗ್ರಂಥದ ಮೂರನೆಯ ಭಾಗದಲ್ಲಿ ಈ ವಿಷಯವನ್ನೆತ್ತಿದ್ದಾನೆ. ಕಚಗುಳಿ ಮನುಷ್ಯನಿಗೆ ಮಾತ್ರ. ಅವನ ಚರ್ಮ ತೆಳು, ಮತ್ತು ಪ್ರಾಣಿಗಳಲ್ಲಿ ಅವನೊಬ್ಬನೇ ನಗುವವನು ಎಂದು ಅವನ ನಿಲುವು. ತನಗೆ ತಾನೇ ಕಚಗುಳಿಯಿಟ್ಟುಕೊಳ್ಳಲು ಏಕೆ ಆಗದು ಎಂಬ ಪ್ರಶ್ನೆ ಅವನ ಹೆಸರಿನಲ್ಲಿರುವ ‘ಸಮಸ್ಯೆಗಳು’ ಎಂಬ ಸಂಕಲನದಲ್ಲಿದೆ. ಮುಂದೆ 1872ರಲ್ಲಿ ಭಾವಗಳ ಅಭಿವ್ಯಕ್ತಿಯನ್ನು ಕುರಿತು ಪುಸ್ತಕ ಬರೆದ ಡಾರ್ವಿನ್, ಚಿಂಪಾಂಜಿಯ ಮರಿಗಳಿಗೂ ಕಂಕುಳಿನಲ್ಲಿ ಕಚಗುಳಿಯುಂಟು, ಅವೂ ನಕ್ಕಂತೆ ಸದ್ದು ಮಾಡುತ್ತವೆ ಎಂದು ತೋರಿಸಿ ಮನುಷ್ಯನ ಆ ಏಕಸ್ವಾಮ್ಯವನ್ನು ಕಿತ್ತುಕೊಂಡ. ಅವನ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ಕಚಗುಳಿಯಿಂದ ನಗೆ ಬರಬೇಕಾದರೆ ಮನಸ್ಸು ಮೊದಲೇ ಪ್ರಸನ್ನವಾಗಿರಬೇಕು. ಅಪರಿಚಿತನೊಬ್ಬ ಎಳೆಯ ಮಗುವಿಗೆ ಕಚಗುಳಿಯಿಟ್ಟರೆ ಅದು ನಗುವುದಿಲ್ಲ, ಭಯದಿಂದ ಚೀರುತ್ತದೆ. ಬೆರಳು ಅದೇ, ಕಂಕುಳು ಅದೇ, ಬದಲಾದದ್ದು ಸಂಬಂಧ.

ಇಪ್ಪತ್ತನೆಯ ಶತಮಾನದವರು ಈ ಮಾತನ್ನು ಪ್ರಯೋಗಕ್ಕೆ ಒಡ್ಡಿದರು. ಕ್ಲಾರೆನ್ಸ್ ಲ್ಯೂಬಾ ಎಂಬ ಮನಶ್ಶಾಸ್ತ್ರಜ್ಞ ತನ್ನ ಸ್ವಂತ ಮಕ್ಕಳ ಮೇಲೆಯೇ ಪರೀಕ್ಷೆ ನಡೆಸಿದ. ಕಚಗುಳಿಗೆ ನಗುವುದನ್ನು ಮಗು ದೊಡ್ಡವರ ಮುಖ ನೋಡಿ ಕಲಿಯುತ್ತದೆಯೋ, ಹುಟ್ಟಿನಿಂದಲೇ ತರುತ್ತದೆಯೋ ಎಂಬುದು ಅವನ ಪ್ರಶ್ನೆ. ಅದಕ್ಕಾಗಿ ಮುಖಕ್ಕೆ ರಟ್ಟಿನ ಮುಖವಾಡವನ್ನು ಅಡ್ಡ ಹಿಡಿದು, ತಾನು ನಗದೆ, ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ ಮಗುವಿಗೆ ಕಚಗುಳಿಯಿಡುತ್ತಿದ್ದ. ಆದರೂ ಏಳನೆಯ ತಿಂಗಳ ಸುಮಾರಿಗೆ ಮಗು ನಗತೊಡಗಿತು. ಈ ವರದಿ ಪ್ರಕಟವಾದದ್ದು 1941ರಲ್ಲಿ. ತೊಟ್ಟಿಲ ಮೇಲೆ ರಟ್ಟಿನ ಮುಖ ಹೊತ್ತು ಬಾಗಿದ ಆ ತಂದೆಯನ್ನು ನೆನೆದರೆ ನಮ್ಮ ಅಜ್ಜಿಯರು ಏನೆನ್ನುತ್ತಿದ್ದರೋ!

1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ರಿಸ್ಟೀನ್ ಹ್ಯಾರಿಸ್ ಮತ್ತು ನಿಕೊಲಾಸ್ ಕ್ರಿಸ್ಟನ್‌ಫೆಲ್ಡ್ ಮಾಡಿದ ಪ್ರಯೋಗ ಇನ್ನೂ ಕುಹಕದ್ದು, ಸಂಸ್ಕೃತದ ಅರ್ಥದಲ್ಲಿಯೇ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತವರ ಅಂಗಾಲಿಗೆ ಒಮ್ಮೆ ಮನುಷ್ಯ, ಒಮ್ಮೆ ಯಂತ್ರ ಕಚಗುಳಿಯಿಡುತ್ತದೆ ಎಂದು ಹೇಳಲಾಗಿತ್ತು. ಯಂತ್ರವೆಂಬುದು ಬರಿಯ ಸದ್ದು. ಮೇಜಿನ ಕೆಳಗೆ ಅಡಗಿದ್ದ ಸಹಾಯಕನೇ ಎರಡು ಬಾರಿಯೂ ಮುಟ್ಟಿದ್ದು. ಯಂತ್ರವೆಂದು ನಂಬಿದಾಗಲೂ ಜನ ಅಷ್ಟೇ ನಕ್ಕರು. ಅದೇ ಹ್ಯಾರಿಸ್ 2005ರಲ್ಲಿ ಇನ್ನೊಬ್ಬರ ಜೊತೆ ಸೇರಿ, ವಿನೋದ ಕೇಳಿ ನಕ್ಕವರ, ಕಚಗುಳಿಯಿಂದ ನಕ್ಕವರ ಮತ್ತು ನೋವನ್ನು ಸಹಿಸುತ್ತಿದ್ದವರ ಮುಖಚರ್ಯೆಗಳನ್ನು ಹೋಲಿಸಿದರು. ಕಚಗುಳಿಗೊಳಗಾದವರ ಮುಖದಲ್ಲಿ ನಗೆಯೂ ಇತ್ತು, ನೋವಿನಲ್ಲಿ ಕಾಣುವ ಚಹರೆಗಳೂ ಇದ್ದವು. ತನ್ನ ಬೆರಳಿಗೆ ತಾನು ಏಕೆ ನಗುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ 1998ರಲ್ಲಿ ಲಂಡನ್ನಿನ ಸಾರಾ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಮಿದುಳಿನ ಚಿತ್ರಣದಿಂದ ಉತ್ತರ ಕೊಟ್ಟರು. ನಮ್ಮ ಚಲನೆ ಯಾವ ಸ್ಪರ್ಶವನ್ನು ತರಲಿದೆಯೆಂದು ಕಿರುಮಿದುಳು ಮುಂಚೆಯೇ ಊಹಿಸಿ ಅದರ ಮೊನೆಯನ್ನು ಮುರಿದುಬಿಡುತ್ತದೆ. ಅನ್ಯನ ಕೈಗೆ ಆ ಮುನ್ಸೂಚನೆ ಇಲ್ಲ. ಇನ್ನು ಇಲಿಗಳ ಕಥೆ: ಕಚಗುಳಿಯಿಟ್ಟರೆ ಅವು ಮನುಷ್ಯನ ಕಿವಿಗೆ ನಿಲುಕದ ದನಿಯಲ್ಲಿ ಚಿಲಿಪಿಲಿಗುಟ್ಟುತ್ತವೆ. ಆದರೆ 2016ರಲ್ಲಿ ಬರ್ಲಿನ್ನಿನ ಇಶಿಯಾಮಾ ಮತ್ತು ಬ್ರೆಖ್ಟ್ ಪ್ರಕಟಿಸಿದಂತೆ, ಪ್ರಖರ ಬೆಳಕಿನಲ್ಲಿ ಎತ್ತರದ ಕಟ್ಟೆಯ ಮೇಲೆ ಇಟ್ಟ ಅಂಜಿದ ಇಲಿಗಳಲ್ಲಿ ಆ ಚಿಲಿಪಿಲಿ ಅಡಗಿಹೋಯಿತು.

ಇವೆಲ್ಲವನ್ನೂ ಕೂಡಿಸಿದಾಗ ಮೂಡುವ ಚಿತ್ರ ಸರಳವಲ್ಲ. ಪ್ರಸನ್ನತೆಯಿಲ್ಲದೆ ಕಚಗುಳಿ ನಗೆಯಾಗಿ ಅರಳದು ಎನ್ನುವುದು ಒಂದು ಕಡೆ. ಅರಳಿದ ನಗೆಯೆಲ್ಲ ಪ್ರಸನ್ನತೆಯಲ್ಲ ಎನ್ನುವುದು ಇನ್ನೊಂದು ಕಡೆ. ಭಯ ತೀವ್ರವಾಗಿದ್ದರೆ ದೇಹ ಚೀರುತ್ತದೆ. ಅಷ್ಟು ತೀವ್ರವಲ್ಲದ ಅನಿಚ್ಛೆಯಿದ್ದರೆ ನಗುತ್ತಲೇ ಒದ್ದಾಡುತ್ತದೆ. ಈ ನಡುವಿನ ಪ್ರದೇಶವೇ ಕಷ್ಟದ್ದು.

ಕೆಲವು ವರ್ಷಗಳ ಹಿಂದೆ, ಹೆಸರಿಸುವ ಅಗತ್ಯವಿಲ್ಲದ ಒಂದು ಕಾಲೇಜಿನಲ್ಲಿ, ವಿದ್ಯಾರ್ಥಿನಿಲಯದ ದೂರೊಂದರ ವಿಚಾರಣೆಗೆ ನೇಮಿಸಿದ ಸಮಿತಿಯಲ್ಲಿ ನಾನೂ ಇದ್ದೆ. ಹೊಸದಾಗಿ ಸೇರಿದ ಹುಡುಗನೊಬ್ಬನನ್ನು ನಾಲ್ವರು ಹಿರಿಯ ವಿದ್ಯಾರ್ಥಿಗಳು ಹಲವು ರಾತ್ರಿ ಹಾಸಿಗೆಗೆ ಒತ್ತಿ ಹಿಡಿದು, ಉಸಿರು ಕಟ್ಟುವವರೆಗೆ ಕಚಗುಳಿಯಿಟ್ಟಿದ್ದರು. ಹೊಡೆದಿರಲಿಲ್ಲ, ಗಾಯವಿರಲಿಲ್ಲ. ನಾಲ್ವರೂ ಬೇರೆ ಬೇರೆಯಾಗಿ ಕೊಟ್ಟ ಸಮಜಾಯಿಷಿ ಒಂದೇ: “ಅವನೂ ನಗ್ತಾ ಇದ್ದ, ಸರ್.” ಅದು ಸುಳ್ಳಾಗಿರಲಿಲ್ಲ. ಆ ಹುಡುಗನೂ ತಲೆ ತಗ್ಗಿಸಿ, ಹೌದು, ನಗುತ್ತಿದ್ದೆ ಎಂದ. ನಕ್ಕದ್ದೇ ತನ್ನ ತಪ್ಪೆಂಬಂತೆ ಇತ್ತು ಅವನ ದನಿ. ವರದಿ ಬರೆಯುವಾಗ ಸಮಿತಿಗೆ ಪದದ ಕಷ್ಟ ಎದುರಾಯಿತು. ಹಲ್ಲೆ ಎಂದರೆ ಹೆಚ್ಚಾಯಿತು, ತಮಾಷೆ ಎಂದರೆ ಅನ್ಯಾಯವಾಯಿತು. ‘ಕಚಗುಳಿ’ ಎಂಬ ಪದವನ್ನು ಗಟ್ಟಿಯಾಗಿ ಓದಿದಾಗ ಸದಸ್ಯರಲ್ಲಿ ಇಬ್ಬರು ಮುಗುಳ್ನಕ್ಕರು. ಪದದ ಸ್ವಭಾವವೇ ಅಂಥದು. ಅವರನ್ನು ದೂರಿ ಫಲವಿಲ್ಲ. ಕೊನೆಗೆ ‘ದೈಹಿಕ ಕಿರುಕುಳ’ ಎಂಬ ಸರ್ಕಾರಿ ಮಾತು ನಿಂತಿತು. ನಡೆದದ್ದೇನೆಂಬುದು ಆ ಮಾತಿನಿಂದ ಯಾರಿಗೂ ತಿಳಿಯುವಂತಿರಲಿಲ್ಲ.

ನಮ್ಮ ಹಳೆಯ ಶಾಸ್ತ್ರಗಳಲ್ಲಿ ಇದಕ್ಕೆ ಹೆಚ್ಚು ಹತ್ತಿರದ ಮಾತುಗಳಿವೆ ಎಂಬುದೇ ಈ ಲೇಖನಕ್ಕೆ ಕಾರಣ. ಒಂದು ಕುಹಕ. ಭರತನು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಎರಡೆರಡನ್ನು ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಹಂಚಿದ್ದಾನೆ. ಕೊನೆಯ ಅತಿಹಸಿತದ ಲಕ್ಷಣದಲ್ಲಿ ಕಣ್ಣಲ್ಲಿ ನೀರು, ಕರ್ಕಶ ಸ್ವರ, ಮತ್ತು ಎರಡೂ ಪಕ್ಕೆಗಳನ್ನು ಕೈಗಳಿಂದ ಒತ್ತಿಹಿಡಿದ ಭಂಗಿ ಇದೆ. ಪಕ್ಕೆ ಹಿಡಿದುಕೊಂಡು ನಗುವುದು ನಮಗೆ ರೂಢಿಯ ಮಾತಾಗಿಬಿಟ್ಟಿದೆ. ಆದರೆ ಕಚಗುಳಿಗೆ ಸಿಕ್ಕಿದವನು ಪಕ್ಕೆಗಳನ್ನು ಮುಚ್ಚಿಕೊಳ್ಳುವುದು ನಗಲಿಕ್ಕಲ್ಲ, ಕಾಪಾಡಿಕೊಳ್ಳಲಿಕ್ಕೆ. ನಗೆಯ ಕೊನೆಯ ಮಜಲಿನಲ್ಲಿ ರಕ್ಷಣೆಯ ಭಂಗಿ ಕಾಣಿಸುವುದನ್ನು ಆ ನಾಟ್ಯಾಚಾರ್ಯ ಗಮನಿಸಿದ್ದಾನೆ.

ಇನ್ನೊಂದು ಮಾತು ಶ್ರಾವಕಾಚಾರದ್ದು. ಜೈನ ಕರ್ಮಸಿದ್ಧಾಂತದಲ್ಲಿ ಹಾಸ್ಯವು ಒಂಬತ್ತು ನೋಕಷಾಯಗಳಲ್ಲಿ ಒಂದು. ‘ನೋ’ ಎಂದರೆ ಇಲ್ಲಿ ಇಲ್ಲವೆಂದಲ್ಲ, ಈಷತ್, ಅಂದರೆ ಕೊಂಚ. ಕ್ರೋಧ ಮಾನ ಮಾಯಾ ಲೋಭಗಳಷ್ಟು ಉಗ್ರವಲ್ಲದ, ಆದರೆ ಅವುಗಳ ನೆರಳಿನಲ್ಲಿ ನಡೆಯುವ ವಿಕಾರ. ನಗೆಯನ್ನೇ ಕರ್ಮೋದಯದ ಫಲವೆಂದು ಎಣಿಸಿದ ಈ ಶಾಸ್ತ್ರವನ್ನು ಓದಿ ಕೆಲವರು ಜೈನರಿಗೆ ನಗೆ ನಿಷಿದ್ಧವೇ ಎಂದು ಕೇಳುತ್ತಾರೆ. ಹಾಗೇನೂ ಇಲ್ಲ, ನಗೆಯನ್ನು ನಂಬಿಬಿಡಬೇಡಿ ಎಂದಷ್ಟೇ ಅದರ ಎಚ್ಚರಿಕೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಅನರ್ಥದಂಡವಿರತಿಗೆ ಐದು ಅತಿಚಾರಗಳನ್ನು ಹೇಳಿದೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದ ಹಿಂಸೆ. ಹೊಟ್ಟೆಗಾಗಿಯೂ ಅಲ್ಲ, ರಕ್ಷಣೆಗಾಗಿಯೂ ಅಲ್ಲ, ಸುಮ್ಮನೆ ಮಾಡುವ ಪೀಡೆ. ಆ ಐದರಲ್ಲಿ ಮೊದಲ ಎರಡು ಕಂದರ್ಪ ಮತ್ತು ಕೌತ್ಕುಚ್ಯ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವೆರಡನ್ನು ಬಿಡಿಸುವ ರೀತಿ ಬಹಳ ಸ್ಪಷ್ಟ. ರಾಗದ ಉದ್ರೇಕದಿಂದ ನಗೆ ಬೆರೆಸಿ ಆಡುವ ಅಶಿಷ್ಟ ಮಾತು ಕಂದರ್ಪ; ಅದೇ ನಗೆ, ಅದೇ ಮಾತು ಇನ್ನೊಬ್ಬರ ವಿಷಯದಲ್ಲಿ ದುಷ್ಟವಾದ ಕಾಯಚೇಷ್ಟೆಯೊಡನೆ ಕೂಡಿದರೆ ಕೌತ್ಕುಚ್ಯ.

ಅಲ್ಲಿ ಕಚಗುಳಿಯ ಹೆಸರಿಲ್ಲ ಎಂಬುದನ್ನು ಒಪ್ಪುತ್ತೇನೆ. ಕೌತ್ಕುಚ್ಯವನ್ನು ಹುಬ್ಬು, ಕಣ್ಣು, ತುಟಿಗಳ ವಿಕಾರದಿಂದ ಮಾಡುವ ಭಂಡಚೇಷ್ಟೆ ಎಂದು ಅರ್ಥೈಸುವ ರೂಢಿಯೂ ಇದೆ. ಆದರೆ ಪೂಜ್ಯಪಾದರ ವಿವರಣೆಯಲ್ಲಿ ಮೂರು ಅಂಶಗಳು ಒಟ್ಟಿಗಿವೆ: ನಗೆ, ದೇಹದ ಕ್ರಿಯೆ, ಮತ್ತು ಇನ್ನೊಬ್ಬ. ನಗೆಯಿದೆ ಎಂಬ ಕಾರಣಕ್ಕೆ ಕ್ರಿಯೆ ಕ್ಷಮ್ಯವಾಗುವುದಿಲ್ಲ. ನಗೆಯೊಡನೆ ಬೆರೆತದ್ದೇ ಅದರ ಲಕ್ಷಣ. ನಕ್ಕವರಾರು, ಮಾಡಿದವನೋ ಮಾಡಿಸಿಕೊಂಡವನೋ ಎಂಬುದನ್ನು ಕೂಡ ಸೂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ನಡೆದದ್ದಕ್ಕೆ ಇದಕ್ಕಿಂತ ಒಪ್ಪುವ ಪದವನ್ನು ನಾನು ಕಂಡಿಲ್ಲ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಗೃಹಸ್ಥರ ನಿತ್ಯದ ನಡತೆಗಾಗಿ ಬರೆದ ಟೀಕೆಯೊಂದು ಇದನ್ನು ಅನರ್ಥ ಹಿಂಸೆಯ ಅಡಿಯಲ್ಲಿ ಇಟ್ಟಿತ್ತು.

ಹದಿನೇಳನೆಯ ಶತಮಾನದ ಡಚ್ ದಾರ್ಶನಿಕ ಸ್ಪಿನೋಜಾನೂ ಇಲ್ಲಿ ನೆನಪಾಗುತ್ತಾನೆ. ಅವನು ನಿಧನನಾದ 1677ರಲ್ಲಿ ಪ್ರಕಟವಾದ ನೀತಿಶಾಸ್ತ್ರದ ಗ್ರಂಥದಲ್ಲಿ ಸುಖವನ್ನು ಎರಡಾಗಿ ಸೀಳಿದ್ದಾನೆ. ಒಬ್ಬನ ಎಲ್ಲ ಅಂಶಗಳನ್ನೂ ಸಮವಾಗಿ ಮುಟ್ಟುವುದು 'ಹಿಲಾರಿತಾಸ್', ಅಂದರೆ ಉಲ್ಲಾಸ. ಒಂದು ಅಂಶವನ್ನು ಮಾತ್ರ ಮುಟ್ಟಿ ಉಳಿದುದನ್ನು ಹಿಂದಿಕ್ಕುವುದು ‘ತಿತಿಲ್ಲಾತಿಯೋ’, ಅಂದರೆ ಕಚಗುಳಿಯೇ. ಮೊದಲನೆಯದು ಅತಿಯಾಗಲಾರದು, ಎರಡನೆಯದು ಅತಿಯಾಗಿ ಕೆಡುಕಾಗಬಹುದು ಎಂದು ಅವನ ವಾದ. ಪೂಜ್ಯಪಾದರಿಗೂ ಸ್ಪಿನೋಜಾನಿಗೂ ನಂಟು ಕಲ್ಪಿಸುವ ಸಾಹಸ ಬೇಡ. ಅತಿಯ ಪ್ರಶ್ನೆ ಮಾತ್ರ ಇಬ್ಬರಲ್ಲಿಯೂ ಇದೆ.

ಆ ಅತಿಯನ್ನು ಬಲ್ಲವರು ನಮ್ಮ ಮನೆಯ ಹೆಂಗಸರು. ಮಗುವಿನ ಅಂಗೈಯಲ್ಲಿ ಮೊಣಕೈಯಿಂದ ಅನ್ನ ಕಲಸಿದಂತೆ ಮಾಡಿ, ಒಂದೊಂದು ಬೆರಳಿಗೆ ಒಂದೊಂದು ತುತ್ತು ಹಂಚಿ, ಅನಂತರ ಎರಡು ಬೆರಳುಗಳನ್ನು ತೋಳಿನ ಮೇಲೆ ನಡೆಸಿಕೊಂಡು ಹೋಗುವ ಆಟ ಕನ್ನಡನಾಡಿನ ಬಹಳ ಮನೆಗಳಲ್ಲಿದೆ. ಇರುವೆಯೋ ಹಸುವೋ ನಡೆಯುತ್ತದೆ; ತಮಿಳರಲ್ಲಿ ಏಡಿ ಮತ್ತು ನರಿ. ಈ ಆಟದ ಹೆಚ್ಚಿನ ಹೊತ್ತು ಕಳೆಯುವುದು ಕಚಗುಳಿಯಲ್ಲಿ ಅಲ್ಲ, ದಾರಿಯಲ್ಲಿ. ಮಣಿಕಟ್ಟು ದಾಟಿತು, ಮೊಣಕೈ ಹತ್ತಿತು, ಬಂತು, ಬಂತು ಎನ್ನುವಷ್ಟರಲ್ಲಿ ಮಗು ಮುಟ್ಟುವ ಮೊದಲೇ ಕೇಕೆ ಹಾಕಿರುತ್ತದೆ. ಅದಕ್ಕೆ ತೋಳನ್ನು ಎಳೆದುಕೊಳ್ಳುವ ಅವಕಾಶವೂ ಅಷ್ಟು ಹೊತ್ತು ಇರುತ್ತದೆ. ಕಂಕುಳನ್ನು ಮುಟ್ಟುವುದು ಒಂದೇ ಕ್ಷಣ. ಮುಟ್ಟಿ ಬೆರಳು ಹಿಂದಕ್ಕೆ. ಮಗುವೇ ಕೈಚಾಚಿ ಇನ್ನೊಮ್ಮೆ ಎನ್ನಬೇಕು. ಮದುವೆ ಮುಂಜಿಗಳಲ್ಲಿ ಪರಿಚಯವೇ ಇಲ್ಲದ ಮಗುವನ್ನು ಸೆಳೆದು ತೊಡೆಯ ಮೇಲೆ ಹಾಕಿಕೊಂಡು, ಅದು ಅಳುವವರೆಗೆ ನಗಿಸುವ ನೆಂಟರಿಷ್ಟರಿಗೆ ಈ ಆಟದ ವ್ಯಾಕರಣ ತಿಳಿದಿಲ್ಲ. ಅಭಿನವಗುಪ್ತನು ಕುಹಕವನ್ನು ಮಕ್ಕಳ ವಿಷಯಕ್ಕೆ ಸೀಮಿತಗೊಳಿಸಿದಾಗ ಇಂಥದೇ ಒಂದು ಮನೆಯಂಗಳ ಅವನ ಕಣ್ಣೆದುರು ಇದ್ದಿರಬಹುದು ಎಂದು ಭಾವಿಸುವುದು ನನಗೆ ಹಿತ.

ಸ್ಪರ್ಶದ ಈ ಎಚ್ಚರ ಇನ್ನೊಂದು ತುದಿಯಲ್ಲಿ ದಿಗಂಬರ ಮುನಿಯ ಪಿಂಛಿಯಲ್ಲಿದೆ. ಮೂಲಾಚಾರವು ನವಿಲುಗರಿಯ ಪಿಂಛಿಗೆ ಐದು ಗುಣಗಳನ್ನು ಹೇಳುತ್ತದೆ: ಧೂಳು ಹಿಡಿಯದು, ಬೆವರು ಹೀರದು, ಮೃದು, ಸುಕುಮಾರ, ಹಗುರ. ನಮಗೆ ಕಚಗುಳಿಯ ಆಟಿಕೆಯಾಗಿ ತೋರುವ ಗರಿ ಅಲ್ಲಿ ಕಣ್ಣಿಗೆ ಕಾಣದ ಜೀವಕ್ಕೂ ನೋವಾಗದಿರಲೆಂಬ ಸಾಧನ. ಅದೇ ಮುನಿ ತನ್ನ ಮೈಮೇಲೆ ಮಾತ್ರ ಸೊಳ್ಳೆಯ ಕಡಿತವನ್ನೂ ಹುಲ್ಲಿನ ಚುಚ್ಚನ್ನೂ ಸಹಿಸಬೇಕು. ಇಪ್ಪತ್ತೆರಡು ಪರೀಷಹಗಳಲ್ಲಿ ದಂಶಮಶಕ, ತೃಣಸ್ಪರ್ಶಗಳು ಇವೆ. ನವೆಯೆದ್ದರೂ ತುರಿಸಿಕೊಳ್ಳಬಾರದೆಂಬುದು ಮಲಪರೀಷಹದ ವಿವರಣೆಯಲ್ಲಿ ಬರುತ್ತದೆ.

ಈ ಪರೀಷಹಗಳು ಕಲ್ಲಿನಲ್ಲಿ ಮೂಡಿದ್ದು ಬಾಹುಬಲಿಯ ಮೂರ್ತಿಗಳಲ್ಲಿ. ಬಾದಾಮಿ ಮತ್ತು ಐಹೊಳೆಯ ಜೈನ ಗುಹೆಗಳಲ್ಲಿಯೇ ಮೈಗೆ ಹಬ್ಬಿದ ಬಳ್ಳಿಗಳೂ ಇಕ್ಕೆಲದ ಸ್ತ್ರೀಮೂರ್ತಿಗಳೂ ಇವೆ. ವಿದ್ಯಾಧರಿಯರು ಬಂದು ಆ ಬಳ್ಳಿಗಳನ್ನು ಬಿಡಿಸಿದರೆಂಬ ಕಥೆ ಜಿನಸೇನರ ಪೂರ್ವಪುರಾಣದಲ್ಲಿದೆ. ಅಭಿನವಗುಪ್ತ ಕಾಶ್ಮೀರದಲ್ಲಿದ್ದ ಹೆಚ್ಚುಕಡಿಮೆ ಅದೇ ಕಾಲದಲ್ಲಿ, 981ರ ಸುಮಾರಿಗೆ, ಚಾವುಂಡರಾಯನು ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಕಾಲ ಬಳಿ ಹುತ್ತ, ಹುತ್ತದಿಂದ ಇಣುಕುವ ಹಾವು. ಬಳ್ಳಿ ತೊಡೆಗಳನ್ನು ಸುತ್ತಿ, ತೋಳುಗಳಿಗೆ ಏರಿ, ಕಂಕುಳಿನ ಸಮೀಪಕ್ಕೆ ಬಂದು ಅಲ್ಲಿ ಗೊಂಚಲಾಗಿ ನಿಂತಿದೆ. ಕೈಗಳು ಪಕ್ಕೆಗಳನ್ನು ಮುಚ್ಚಿಕೊಂಡಿಲ್ಲ, ಮೈಯಿಂದ ತುಸು ದೂರದಲ್ಲಿ ಇಳಿಬಿದ್ದಿವೆ. ತುಟಿಯಲ್ಲಿ ಇರುವುದು ಆರು ನಗೆಗಳಲ್ಲಿ ಮೊದಲನೆಯದಾದ ಸ್ಮಿತ. ಅದನ್ನು ಅಲ್ಲಿಗೆ ತಂದದ್ದು ಬಳ್ಳಿಯಲ್ಲ.